ಟೊರೆಂಟ್ ಪಟ್ಟಿಯಿಂದ ತೆಗೆದಿದ್ದೀರಾ? ಫೈಲ್ ಉಳಿದಿದ್ದರೆ ಸೀಡಿಂಗ್ ಮತ್ತೆ ಶುರು ಮಾಡಬಹುದು

ಡೌನ್‌ಲೋಡ್ ಮುಗಿದಿದೆ, ಪಟ್ಟಿ ಸುಮ್ಮನೆ ಬೆಳೆಯುತ್ತಿದೆ ಎಂದು ಟೊರೆಂಟ್ ಕ್ಲೈಂಟ್‌ನ ಹಳೆಯ ಸಾಲುಗಳನ್ನೆಲ್ಲ ಒಟ್ಟಿಗೆ ಆಯ್ದು ‘ರಿಮೂವ್’ ಒತ್ತಿರುತ್ತೀರಿ. ಇಲ್ಲವೇ ವಿಂಡೋಸ್ ಹೊಸದಾಗಿ ಹಾಕಿಸಿದಾಗ ಸಿ ಡ್ರೈವ್ ಜೊತೆಗೆ ಕ್ಲೈಂಟ್‌ನ ಪಟ್ಟಿಯೂ ಹೋಗಿ, ಡಿ ಡ್ರೈವ್‌ನಲ್ಲಿದ್ದ ಫೈಲ್‌ಗಳಷ್ಟೇ ಉಳಿದಿರುತ್ತವೆ. ಕೆಲವು ತಿಂಗಳ ಮೇಲೆ ನೋಡಿದರೆ ಆ ಟೊರೆಂಟ್‌ಗೆ ಒಬ್ಬ ಸೀಡರ್ (ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು) ಕೂಡ ಇಲ್ಲ. ಅದನ್ನು ಇಳಿಸಿಕೊಳ್ಳಲು ಕಾಯುತ್ತಿರುವವರು ಇದ್ದಾರೆ. ನಿಮ್ಮ ಬಳಿ ಪೂರ್ತಿ ಫೈಲ್ ಇದೆ, ಹಂಚುವ ಮನಸ್ಸೂ ಇದೆ. ಆದರೆ ಟೊರೆಂಟನ್ನು ಮತ್ತೆ ಸೇರಿಸಿದರೆ ಕ್ಲೈಂಟ್ ಸೊನ್ನೆಯಿಂದ ಡೌನ್‌ಲೋಡ್ ಮಾಡಲು ಹೊರಡುತ್ತದೆ. ಬಹಳಷ್ಟು ಜನ ಇಲ್ಲಿಗೇ ಕೈಬಿಡುತ್ತಾರೆ.

ಕೈಬಿಡುವ ಅಗತ್ಯವಿಲ್ಲ. ಅದೇ ಟೊರೆಂಟ್, ಬದಲಾಗದ ಫೈಲ್, ಸರಿಯಾದ ಜಾಗ: ಈ ಮೂರೂ ಕೂಡಿದರೆ ಒಂದು ಬೈಟ್ ಕೂಡ ಮತ್ತೆ ಇಳಿಸಿಕೊಳ್ಳದೆ ಸೀಡಿಂಗ್ ಮುಂದುವರಿಸಬಹುದು. ಯಾಕೆ ಸಾಧ್ಯ ಎಂಬುದು ಒಮ್ಮೆ ತಿಳಿದರೆ, ಎಲ್ಲಿ ತಪ್ಪಿದೆ ಎಂದು ನೀವೇ ಪತ್ತೆ ಹಚ್ಚಬಲ್ಲಿರಿ.

ರಿಮೂವ್ ಮಾಡಿದಾಗ ಹೋಗುವುದೇನು?

ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ಪದ್ಧತಿಯಲ್ಲಿ ಹಂಚಬೇಕಾದ ದತ್ತಾಂಶವನ್ನು ಒಂದೇ ಅಳತೆಯ ತುಣುಕುಗಳಾಗಿ ವಿಂಗಡಿಸುತ್ತಾರೆ. ಪ್ರತಿ ತುಣುಕಿಗೂ ಎಸ್‌ಎಚ್‌ಎ-1 ಲೆಕ್ಕದಿಂದ 20 ಬೈಟ್‌ಗಳ ಒಂದು ಹ್ಯಾಶ್ ತೆಗೆಯುತ್ತಾರೆ. ತುಣುಕಿನೊಳಗೆ ಒಂದು ಬಿಟ್ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. 4 ಜಿಬಿ ಫೈಲನ್ನು 1 ಎಂಬಿ ತುಣುಕುಗಳಾಗಿ ಮಾಡಿದರೆ 4096 ತುಣುಕು; ಅವುಗಳ ಹ್ಯಾಶ್‌ಗಳೆಲ್ಲ ಸೇರಿ ಬರೀ 80 ಕೆಬಿ. ಟೊರೆಂಟ್ ಫೈಲ್‌ನಲ್ಲಿ ಇರುವುದು ಈ ಹ್ಯಾಶ್‌ಗಳ ಸಾಲು, ಫೈಲ್‌ಗಳ ಹೆಸರು, ಗಾತ್ರ ಮತ್ತು ಫೋಲ್ಡರ್‌ಗಳ ಜೋಡಣೆ. ಈ ಮಾಹಿತಿಯಷ್ಟಕ್ಕೇ ತೆಗೆದ ಮತ್ತೊಂದು ಹ್ಯಾಶ್‌ಗೆ ಇನ್ಫೋ-ಹ್ಯಾಶ್ ಎನ್ನುತ್ತಾರೆ. ಮ್ಯಾಗ್ನೆಟ್ ಲಿಂಕ್‌ನಲ್ಲಿ ಕಾಣುವ 40 ಅಂಕಿ-ಅಕ್ಷರಗಳ ಸಾಲು ಅದೇ. (ಪದ್ಧತಿಯ ಎರಡನೇ ಆವೃತ್ತಿಯಲ್ಲಿ ಎಸ್‌ಎಚ್‌ಎ-256 ಬಳಸುವುದರಿಂದ ಸಾಲು ಇನ್ನೂ ಉದ್ದ.)

ಗ್ರಂಥಾಲಯದ ಕ್ಯಾಟಲಾಗ್ ಕಾರ್ಡ್ ಕಳೆದರೆ ಪುಸ್ತಕವೇನೂ ಕಪಾಟಿನಿಂದ ಮಾಯವಾಗುವುದಿಲ್ಲ. ಕ್ಲೈಂಟ್‌ನ ಪಟ್ಟಿಯೂ ಅಂಥದ್ದೇ ಕಾರ್ಡು. ಫೈಲ್ ಎಲ್ಲಿದೆ, ಯಾವ ತುಣುಕುಗಳು ಬಂದಿವೆ, ಎಷ್ಟು ಅಪ್‌ಲೋಡ್ ಆಗಿದೆ ಎಂಬ ದಾಖಲೆ ಅದರಲ್ಲಿರುತ್ತದೆ. ರಿಮೂವ್ ಮಾಡಿದಾಗ ಹೋಗುವುದು ಆ ದಾಖಲೆ. ‘ಫೈಲ್‌ಗಳನ್ನೂ ಅಳಿಸು’ ಎಂಬ ಚೌಕಕ್ಕೆ ಟಿಕ್ ಹಾಕಿರದಿದ್ದರೆ ಫೈಲ್‌ಗಳು ಇದ್ದಲ್ಲೇ ಇರುತ್ತವೆ.

ಟೊರೆಂಟನ್ನು ಮತ್ತೆ ಸೇರಿಸಿದಾಗ ಕ್ಲೈಂಟ್ ಡಿಸ್ಕ್‌ನಲ್ಲಿರುವ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿ, ಪ್ರತಿ ತುಣುಕಿನ ಹ್ಯಾಶ್ ತೆಗೆದು, ಟೊರೆಂಟ್‌ನಲ್ಲಿರುವ ಹ್ಯಾಶ್ ಜೊತೆ ತಾಳೆ ನೋಡಬಲ್ಲದು. ಎಲ್ಲವೂ ಹೊಂದಿದರೆ ನೀವು ಸೀಡರ್. ಆ ಫೈಲ್ ಎಲ್ಲಿಂದ ಬಂತು ಎಂದು ಅದು ಕೇಳುವುದಿಲ್ಲ. ಡೆಬಿಯನ್‌ನ ಐಎಸ್‌ಒ ಫೈಲನ್ನು ನೀವು ಬ್ರೌಸರ್‌ನಲ್ಲೇ ಇಳಿಸಿಕೊಂಡಿದ್ದರೂ, ಗೆಳೆಯರ ಪೆನ್‌ಡ್ರೈವ್‌ನಿಂದ ತಂದಿದ್ದರೂ, ಅದೇ ಫೈಲ್‌ನ ಟೊರೆಂಟ್ ಸೇರಿಸಿ ಸೀಡ್ ಮಾಡಬಹುದು.

ಮೊದಲು ಟೊರೆಂಟ್ ಹುಡುಕಿ

ಫೈಲ್ ಇದ್ದೂ ಟೊರೆಂಟ್ ಇಲ್ಲದಿದ್ದರೆ ಕೆಲಸ ಮುಂದೆ ಸಾಗದು. ಈ ಕ್ರಮದಲ್ಲಿ ಹುಡುಕಿ:

1. ಬ್ರೌಸರ್‌ನ ಡೌನ್‌ಲೋಡ್ಸ್ ಫೋಲ್ಡರ್. ಅಂದು ಇಳಿಸಿದ ಟೊರೆಂಟ್ ಫೈಲ್ ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತದೆ.

2. ಮೂಲ ತಾಣ. ಉಬುಂಟು, ಡೆಬಿಯನ್, ಲಿಬ್ರೆಆಫೀಸ್, ಕಿವಿಕ್ಸ್, ಇಂಟರ್ನೆಟ್ ಆರ್ಕೈವ್ ಇವೆಲ್ಲ ತಮ್ಮ ಟೊರೆಂಟ್‌ಗಳನ್ನು ತಾವೇ ಕೊಡುತ್ತವೆ. ಆವೃತ್ತಿ ಸರಿಯಾಗಿ ಹೊಂದಬೇಕು. ನಿಮ್ಮಲ್ಲಿರುವುದು ಹಳೆಯ ಬಿಡುಗಡೆಯಾದರೆ ಹೊಸ ಬಿಡುಗಡೆಯ ಟೊರೆಂಟ್ ಕೆಲಸಕ್ಕೆ ಬಾರದು.

3. ಕ್ಲೈಂಟ್‌ನ ಹಳೆಯ ಬ್ಯಾಕಪ್. ಕ್ಯೂಬಿಟ್‌ಟೊರೆಂಟ್ ತನ್ನ ಪ್ರತಿಗಳನ್ನು ‘ಬಿಟಿ_ಬ್ಯಾಕಪ್’ ಎಂಬ ಫೋಲ್ಡರಿನಲ್ಲೂ, ಟ್ರಾನ್ಸ್‌ಮಿಷನ್ ‘ಟೊರೆಂಟ್ಸ್’ ಫೋಲ್ಡರಿನಲ್ಲೂ, ಡೆಲ್ಯೂಜ್ ‘ಸ್ಟೇಟ್’ ಫೋಲ್ಡರಿನಲ್ಲೂ ಇಡುತ್ತವೆ. ರಿಮೂವ್ ಮಾಡಿದಾಗ ಅಲ್ಲಿನ ಪ್ರತಿಯೂ ಹೋಗುತ್ತದೆ. ಆದರೆ ಹಳೆಯ ಹಾರ್ಡ್‌ಡಿಸ್ಕ್‌ನಲ್ಲೋ ಹೋಮ್ ಫೋಲ್ಡರಿನ ಬ್ಯಾಕಪ್‌ನಲ್ಲೋ ಸಿಗಬಹುದು.

4. ಇನ್ನೊಬ್ಬ ಸೀಡರ್. ಅದೇ ಟೊರೆಂಟ್ ಹೊಂದಿರುವ ಪರಿಚಯದವರು ಕ್ಯೂಬಿಟ್‌ಟೊರೆಂಟ್ ಬಳಸುತ್ತಿದ್ದರೆ, ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಟೊರೆಂಟ್ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ ಕಳಿಸಬಹುದು.

5. ಮ್ಯಾಗ್ನೆಟ್ ಲಿಂಕ್. ಬ್ರೌಸರ್ ಹಿಸ್ಟರಿಯಲ್ಲೋ ಹಳೆಯ ಸಂದೇಶದಲ್ಲೋ ಇದ್ದರೆ ಉಪಯೋಗಕ್ಕೆ ಬರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಮ್ಯಾಗ್ನೆಟ್‌ನಲ್ಲಿ ಇನ್ಫೋ-ಹ್ಯಾಶ್ ಇರುತ್ತದೆಯೇ ಹೊರತು ತುಣುಕುಗಳ ಹ್ಯಾಶ್ ಸಾಲು ಇರುವುದಿಲ್ಲ. ಆ ಮಾಹಿತಿಯನ್ನು ಕ್ಲೈಂಟ್ ಆನ್‌ಲೈನ್‌ನಲ್ಲಿರುವ ಬೇರೊಬ್ಬರಿಂದ ಪಡೆಯಬೇಕು. ಪೂರ್ತಿ ಫೈಲ್ ಇರುವವರು ಜಗತ್ತಿನಲ್ಲಿ ನೀವೊಬ್ಬರೇ ಆಗಿದ್ದರೂ, ಟೊರೆಂಟ್ ಮಾಹಿತಿ ಕೊಡುವವರು ಯಾರೂ ಇಲ್ಲದಿದ್ದರೆ ಕ್ಲೈಂಟ್ ‘ಮೆಟಾಡೇಟಾ ತರುತ್ತಿದ್ದೇನೆ’ ಎಂಬಲ್ಲೇ ನಿಂತುಬಿಡುತ್ತದೆ. ಟೊರೆಂಟ್ ಫೈಲನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಮತ್ತೆ ಸೇರಿಸುವ ಕ್ರಮ

ಇಲ್ಲಿ ಕ್ಯೂಬಿಟ್‌ಟೊರೆಂಟ್ ಲೆಕ್ಕದಲ್ಲಿ ಹೇಳಿದೆ. ಉಳಿದ ಕ್ಲೈಂಟ್‌ಗಳಲ್ಲಿ ಗುಂಡಿಗಳ ಹೆಸರು ಬೇರೆ, ಕೆಲಸ ಅದೇ.

1. ಫೈಲ್‌ಗಳ ಹೆಸರು ಮತ್ತು ಜಾಗ ನೋಡಿಕೊಳ್ಳಿ. ನಿಮ್ಮಲ್ಲಿರುವುದು ಒಂದೇ ಪ್ರತಿಯಾದರೆ, ಅದು ಅಮೂಲ್ಯವಾದುದಾದರೆ, ಮೊದಲು ಇನ್ನೊಂದು ಡ್ರೈವ್‌ಗೆ ನಕಲು ಮಾಡಿಡಿ.

2. ಟೊರೆಂಟ್ ಫೈಲನ್ನು ಕ್ಲೈಂಟ್‌ನಲ್ಲಿ ತೆರೆಯಿರಿ. ‘ಓಕೆ’ ಒತ್ತಲು ಅವಸರ ಬೇಡ. ಸೇರಿಸುವ ಕಿಟಕಿಯಲ್ಲಿ ಫೈಲ್‌ಗಳ ಪಟ್ಟಿ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ಫೋಲ್ಡರ್ ಹೆಸರಿದೆಯೋ, ನೇರವಾಗಿ ಫೈಲ್ ಹೆಸರಿದೆಯೋ ಗಮನಿಸಿ.

3. ಸೇವ್ ಜಾಗವನ್ನು ಆರಿಸಿ. ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಟೊರೆಂಟ್‌ನಲ್ಲಿ ‘ಹಳೆಯ ಪುಸ್ತಕಗಳು’ ಎಂಬ ಫೋಲ್ಡರ್ ಇದೆ, ಅದು ನಿಮ್ಮ ಡಿ ಡ್ರೈವ್‌ನ ‘ಸಂಗ್ರಹ’ ಫೋಲ್ಡರಿನೊಳಗಿದೆ ಎಂದುಕೊಳ್ಳಿ. ನೀವು ತೋರಿಸಬೇಕಾದ ಜಾಗ ‘ಸಂಗ್ರಹ’. ‘ಹಳೆಯ ಪುಸ್ತಕಗಳು’ ಫೋಲ್ಡರನ್ನೇ ತೋರಿಸಿದರೆ, ಕ್ಲೈಂಟ್ ಅದರೊಳಗೆ ಮತ್ತೊಂದು ‘ಹಳೆಯ ಪುಸ್ತಕಗಳು’ ಫೋಲ್ಡರ್ ಹುಡುಕುತ್ತದೆ, ಸಿಗದೆ ಹೊಸದಾಗಿ ಸೃಷ್ಟಿಸಿ ಸೊನ್ನೆಯಿಂದ ಇಳಿಸಲು ಶುರು ಮಾಡುತ್ತದೆ. ಟೊರೆಂಟ್‌ನಲ್ಲಿ ಒಂದೇ ಫೈಲ್ ಇದ್ದರೆ, ಆ ಫೈಲ್ ಇರುವ ಫೋಲ್ಡರನ್ನು ತೋರಿಸಿದರೆ ಸಾಕು.

4. ನಾಲ್ಕು ಆಯ್ಕೆಗಳನ್ನು ಸರಿಪಡಿಸಿ. ನಿರ್ವಹಣೆಯ ವಿಧಾನ ‘ಮ್ಯಾನುಯಲ್’ ಇರಲಿ. ‘ಆಟೋಮ್ಯಾಟಿಕ್’ ಇದ್ದರೆ ಜಾಗವನ್ನು ಕ್ಲೈಂಟೇ ನಿರ್ಧರಿಸುತ್ತದೆ. ‘ಕಂಟೆಂಟ್ ಲೇಔಟ್’ ಎಂಬಲ್ಲಿ ‘ಒರಿಜಿನಲ್’ ಇರಲಿ. ‘ಸ್ಟಾರ್ಟ್ ಟೊರೆಂಟ್’ ಟಿಕ್ ತೆಗೆಯಿರಿ. ‘ಸ್ಕಿಪ್ ಹ್ಯಾಶ್ ಚೆಕ್’ ಟಿಕ್ ಹಾಕಬೇಡಿ.

5. ಈಗ ‘ಓಕೆ’ ಒತ್ತಿ. ತಾಳೆ ನೋಡುವ ಕೆಲಸ ತಾನಾಗಿ ಶುರುವಾಗದಿದ್ದರೆ, ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಫೋರ್ಸ್ ರೀಚೆಕ್’ ಆರಿಸಿ. ಟ್ರಾನ್ಸ್‌ಮಿಷನ್‌ನಲ್ಲಿ ಇದಕ್ಕೆ ‘ವೆರಿಫೈ ಲೋಕಲ್ ಡೇಟಾ’ ಎಂದು ಹೆಸರು.

6. ಮುಗಿಯುವವರೆಗೆ ಕಾಯಿರಿ. ಇಡೀ ಫೈಲನ್ನು ಓದಬೇಕಾದ್ದರಿಂದ ಸಮಯ ಹಿಡಿಯುತ್ತದೆ. ಸೆಕೆಂಡಿಗೆ 100 ಎಂಬಿ ಓದುವ ಹಾರ್ಡ್‌ಡಿಸ್ಕ್ 100 ಜಿಬಿ ಓದಲು ಸುಮಾರು 17 ನಿಮಿಷ ತೆಗೆದುಕೊಳ್ಳುತ್ತದೆ.

7. 100% ಎಂದು ತೋರಿಸಿದರೆ ‘ಸ್ಟಾರ್ಟ್’ ಒತ್ತಿ. ಹಳೆಯ ಆವೃತ್ತಿಗಳಲ್ಲಿ ಇದೇ ‘ರೆಸ್ಯೂಮ್’. ಸೀಡಿಂಗ್ ಶುರುವಾಯಿತು.

100% ಬರಲಿಲ್ಲವೇ? ಅಂಕಿಯೇ ಕಾರಣ ಹೇಳುತ್ತದೆ

*ಸೊನ್ನೆ ತೋರಿಸಿದರೆ:* ಕ್ಲೈಂಟ್‌ಗೆ ಫೈಲೇ ಸಿಕ್ಕಿಲ್ಲ, ಇಲ್ಲವೇ ಸಿಕ್ಕ ಫೈಲ್ ಬೇರೆ ಆವೃತ್ತಿಯದು. ಮೊದಲು ಜಾಗ ನೋಡಿ, ಆಮೇಲೆ ಹೆಸರು. ‘ಕಂಟೆಂಟ್’ ಟ್ಯಾಬ್‌ನಲ್ಲಿರುವ ಹೆಸರು ಡಿಸ್ಕ್‌ನಲ್ಲಿರುವ ಹೆಸರಿನ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಲಿನಕ್ಸ್‌ನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ (?), ವಿವರಣ ಚಿಹ್ನೆ (:) ಇಂಥವುಗಳನ್ನು ಹೆಸರಿನಲ್ಲಿ ಇಡಲಾಗದು. ಕ್ಲೈಂಟ್ ಅವುಗಳ ಬದಲು ಅಡಿಗೆರೆ ಹಾಕಿರುತ್ತದೆ. ಆ ಫೈಲನ್ನು ಲಿನಕ್ಸ್‌ಗೆ ಒಯ್ದರೆ ಹೆಸರು ಹೊಂದದು.

ಕನ್ನಡದಲ್ಲಿ ಹೆಸರಿಟ್ಟ ಫೈಲ್‌ಗಳಿಗೆ ಇನ್ನೊಂದು ಸೂಕ್ಷ್ಮವಿದೆ. ‘ಕೋಲಾರ’ ಎಂಬ ಹೆಸರಿನ ‘ಕೋ’ ನೋಡಿ. ಅದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರುಗಳನ್ನು ಹೀಗೆ ಬಿಡಿಸಿಯೇ ಬರೆದುಕೊಳ್ಳುತ್ತಿದ್ದವು. ಅಲ್ಲಿಂದ ವಿಂಡೋಸ್‌ಗೋ ಲಿನಕ್ಸ್‌ಗೋ ಬಂದ ಫೈಲ್ ಕಣ್ಣೆದುರೇ ಇದ್ದರೂ ಕ್ಲೈಂಟ್‌ಗೆ ಕಾಣದಿರಬಹುದು. ಪರಿಹಾರ ಸುಲಭ: ಕ್ಲೈಂಟ್‌ನಲ್ಲಿರುವ ಹೆಸರನ್ನು ಕಾಪಿ ಮಾಡಿ, ಡಿಸ್ಕ್‌ನ ಫೈಲ್‌ಗೆ ಅದನ್ನೇ ಪೇಸ್ಟ್ ಮಾಡಿ.

ಡಿಸ್ಕ್‌ನಲ್ಲಿರುವ ಹೆಸರೇ ನಿಮಗೆ ಬೇಕೆನಿಸಿದರೆ ‘ಕಂಟೆಂಟ್’ ಟ್ಯಾಬ್‌ನಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರೀನೇಮ್’ ಕೊಟ್ಟು, ಡಿಸ್ಕ್‌ನ ಹೆಸರನ್ನು ಅಲ್ಲಿ ಹಾಕಿ, ಮತ್ತೆ ರೀಚೆಕ್ ಮಾಡಿ. ಇದರಿಂದ ಬದಲಾಗುವುದು ನಿಮ್ಮ ಕ್ಲೈಂಟ್ ಹುಡುಕುವ ಹೆಸರು ಮಾತ್ರ. ಟೊರೆಂಟ್ ಹಾಗೇ ಇರುತ್ತದೆ.

*ಅರ್ಧಂಬರ್ಧ ತೋರಿಸಿದರೆ:* ಅಂದು ಟೊರೆಂಟ್‌ನ ಕೆಲವು ಫೈಲ್‌ಗಳನ್ನಷ್ಟೇ ಆರಿಸಿ ಇಳಿಸಿಕೊಂಡಿರಬಹುದು. ಸ್ಟಾರ್ಟ್ ಒತ್ತುವ ಮೊದಲೇ ಬೇಡದ ಫೈಲ್‌ಗಳಿಗೆ ‘ಡು ನಾಟ್ ಡೌನ್‌ಲೋಡ್’ ಎಂದು ಗುರುತು ಹಾಕಿ. ನಿಮ್ಮಲ್ಲಿರುವ ಭಾಗವನ್ನು ಹಂಚುವುದೂ ದೊಡ್ಡ ಉಪಕಾರವೇ.

*99ರ ಆಸುಪಾಸಿನಲ್ಲಿ ನಿಂತರೆ:* ಎಲ್ಲೋ ಒಂದು ಸಣ್ಣ ಫೈಲ್ ಕಾಣೆಯಾಗಿದೆ ಅಥವಾ ಬದಲಾಗಿದೆ. ಬೇಡವೆಂದು ಅಳಿಸಿದ ಟೆಕ್ಸ್ಟ್ ಫೈಲ್, ಮುಖಪುಟದ ಚಿತ್ರ ಇಂಥವು. ಇಲ್ಲಿ ಜನರನ್ನು ಗೊಂದಲಕ್ಕೆ ಕೆಡಹುವ ಸಂಗತಿ ಎಂದರೆ, ಅಳಿಸಿದ್ದು ಒಂದು ಪುಟ್ಟ ಫೈಲ್, ಅಪೂರ್ಣ ಎಂದು ತೋರಿಸುವುದು ಪಕ್ಕದ ದೊಡ್ಡ ಫೈಲ್‌ಗಳನ್ನೂ. ಮೊದಲ ಆವೃತ್ತಿಯ ಟೊರೆಂಟ್‌ಗಳಲ್ಲಿ ಎಲ್ಲ ಫೈಲ್‌ಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಿ, ಆಮೇಲೆ ತುಣುಕು ಮಾಡುತ್ತಾರೆ. ಹಾಗಾಗಿ ಒಂದೇ ತುಣುಕಿನಲ್ಲಿ ದೊಡ್ಡ ಫೈಲ್‌ನ ತುದಿ, ಪುಟ್ಟ ಫೈಲ್ ಪೂರ್ತಿ, ಮುಂದಿನ ಫೈಲ್‌ನ ತಲೆ ಮೂರೂ ಇರಬಹುದು. ನಡುವಿನದು ಇಲ್ಲವಾದರೆ ಆ ತುಣುಕಿನ ಹ್ಯಾಶ್ ಹೊಂದದು. ದೊಡ್ಡ ಫೈಲ್ ಕೆಟ್ಟಿಲ್ಲ. ಬೇರೆ ಸೀಡರ್ ಇದ್ದರೆ ಸ್ಟಾರ್ಟ್ ಒತ್ತಿ, ಕೊರತೆಯಿರುವ ಒಂದೆರಡು ತುಣುಕುಗಳು ತಾವಾಗಿ ಬರುತ್ತವೆ. ಯಾರೂ ಇಲ್ಲದಿದ್ದರೆ ಹೊಂದಿದಷ್ಟು ತುಣುಕುಗಳನ್ನೇ ಹಂಚಿ.

ಎಚ್ಚರಿಕೆ: ನೀವು ತಿದ್ದಿದ ಫೈಲ್ ಹೋಗಿಬಿಡಬಹುದು

ಎಂಪಿ3 ಹಾಡುಗಳ ಟ್ಯಾಗ್ ತಿದ್ದಿದ್ದರೆ, ಆಲ್ಬಂ ಚಿತ್ರ ಸೇರಿಸಿದ್ದರೆ, ಪಿಡಿಎಫ್‌ನಲ್ಲಿ ಟಿಪ್ಪಣಿ ಬರೆದು ಸೇವ್ ಮಾಡಿದ್ದರೆ ಆ ಫೈಲ್‌ನ ಬೈಟ್‌ಗಳು ಬದಲಾಗಿವೆ. ರೀಚೆಕ್‌ನಲ್ಲಿ ಆ ತುಣುಕುಗಳು ಹೊಂದುವುದಿಲ್ಲ. ರೀಚೆಕ್ ಫೈಲನ್ನು ಓದುತ್ತದೆ ಅಷ್ಟೆ, ಅದರಿಂದ ಹಾನಿಯಿಲ್ಲ. ಆದರೆ ಸ್ಟಾರ್ಟ್ ಒತ್ತಿದ ಕೂಡಲೇ ಕ್ಲೈಂಟ್ ಮೂಲ ತುಣುಕುಗಳನ್ನು ಇಳಿಸಿ, ನೀವು ತಿದ್ದಿದ್ದರ ಮೇಲೆಯೇ ಬರೆಯುತ್ತದೆ. ಟಿಪ್ಪಣಿ ಬೇಕಿದ್ದರೆ ಮೊದಲು ಆ ಫೈಲ್‌ಗಳ ನಕಲು ಬೇರೆಡೆ ಇಟ್ಟುಕೊಳ್ಳಿ. ನಕಲು ಬೇಕು, ಹಾರ್ಡ್‌ಲಿಂಕ್ ಸಾಲದು. ಹಾರ್ಡ್‌ಲಿಂಕ್‌ನ ಎರಡು ಹೆಸರುಗಳ ಹಿಂದೆ ಇರುವುದು ಒಂದೇ ದತ್ತಾಂಶ.

ಇಂಟರ್ನೆಟ್ ಆರ್ಕೈವ್‌ನ ಟೊರೆಂಟ್‌ಗಳಲ್ಲೂ ಇದೇ ಬಗೆಯ ಸಮಸ್ಯೆ ಕಾಣುತ್ತದೆ. ಭಾರತದ ಡಿಜಿಟಲ್ ಗ್ರಂಥಾಲಯ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಅಲ್ಲಿವೆ. ಪುಸ್ತಕದ ವಿವರವನ್ನು ಯಾರಾದರೂ ತಿದ್ದಿದರೆ ಅದರ ಮಾಹಿತಿ ಫೈಲ್ ಬದಲಾಗುತ್ತದೆ, ತಾಣ ಹೊಸ ಟೊರೆಂಟ್ ತಯಾರಿಸುತ್ತದೆ, ಇನ್ಫೋ-ಹ್ಯಾಶ್ ಕೂಡ ಬೇರೆಯಾಗುತ್ತದೆ. ಸ್ಕ್ಯಾನ್ ಆದ ಪುಟಗಳು ಬದಲಾಗಿಲ್ಲದಿದ್ದರೆ ಹೊಸ ಟೊರೆಂಟನ್ನು ಹಳೆಯ ಫೋಲ್ಡರಿಗೇ ತೋರಿಸಿ ರೀಚೆಕ್ ಮಾಡಿ. ಬದಲಾದ ಸಣ್ಣ ಫೈಲ್‌ಗಳನ್ನಷ್ಟೇ ಇಳಿಸಿಕೊಂಡು ಮುಂದುವರಿಯಬಹುದು.

ಟೊರೆಂಟ್ ಎಲ್ಲೂ ಸಿಗದಿದ್ದರೆ

ಕೊನೆಯ ದಾರಿ, ಟೊರೆಂಟನ್ನು ನೀವೇ ಮತ್ತೆ ತಯಾರಿಸುವುದು. ಕ್ಯೂಬಿಟ್‌ಟೊರೆಂಟ್‌ನ ‘ಟೂಲ್ಸ್’ ಪಟ್ಟಿಯಲ್ಲಿ ‘ಟೊರೆಂಟ್ ಕ್ರಿಯೇಟರ್’ ಇದೆ. ಫೋಲ್ಡರ್ ಹೆಸರು, ಒಳಗಿನ ಫೈಲ್‌ಗಳು, ಅವುಗಳ ಕ್ರಮ, ತುಣುಕಿನ ಅಳತೆ, ಟೊರೆಂಟ್‌ನ ಆವೃತ್ತಿ, ‘ಪ್ರೈವೇಟ್’ ಗುರುತು ಎಲ್ಲವೂ ಮೂಲದಂತೆಯೇ ಇದ್ದರೆ ಅದೇ ಇನ್ಫೋ-ಹ್ಯಾಶ್ ಬರುತ್ತದೆ, ನೀವು ಹಳೆಯ ಗುಂಪಿಗೇ ಸೇರುತ್ತೀರಿ. ಟ್ರ್ಯಾಕರ್ (ಹಂಚುವವರನ್ನು ಪತ್ತೆ ಹಚ್ಚಿಕೊಡುವ ಸರ್ವರ್) ವಿಳಾಸ, ಟಿಪ್ಪಣಿ, ತಯಾರಾದ ದಿನಾಂಕ ಇವು ಹ್ಯಾಶ್ ಲೆಕ್ಕದ ಹೊರಗಿರುವುದರಿಂದ ಬೇರೆಯಾದರೂ ಚಿಂತೆಯಿಲ್ಲ. ಹಳೆಯ ಮ್ಯಾಗ್ನೆಟ್ ಲಿಂಕ್ ನಿಮ್ಮಲ್ಲಿದ್ದರೆ, 512 ಕೆಬಿ, 1 ಎಂಬಿ, 2 ಎಂಬಿ ಎಂದು ಅಳತೆ ಬದಲಿಸುತ್ತ ತಯಾರಿಸಿ, ಹ್ಯಾಶ್ ಹೊಂದುತ್ತದೆಯೇ ನೋಡಿ. ಒಂದೇ ಫೈಲ್‌ನ ಟೊರೆಂಟ್‌ಗಳಲ್ಲಿ ಇದು ಫಲಿಸುವ ಸಾಧ್ಯತೆ ಹೆಚ್ಚು. ಹೊಂದದಿದ್ದರೆ ಅದನ್ನು ಹೊಸ ಟೊರೆಂಟ್ ಎಂದೇ ಹಂಚಬೇಕು. ಹಳೆಯ ಲಿಂಕ್ ಹಿಡಿದು ಕಾಯುತ್ತಿರುವವರಿಗೆ ಹೊಸ ಲಿಂಕ್ ತಿಳಿಸಬೇಕಾಗುತ್ತದೆ.

ಸೀಡಿಂಗ್ ಎನ್ನುತ್ತದೆ, ಅಪ್‌ಲೋಡ್ ಮಾತ್ರ ಸೊನ್ನೆ

ಇದು ದೋಷವಾಗಿರಲೇಬೇಕಿಲ್ಲ. ಆ ಹೊತ್ತಿಗೆ ಕೇಳುವವರು ಯಾರೂ ಇಲ್ಲದಿದ್ದರೆ ಏನೂ ಅಪ್‌ಲೋಡ್ ಆಗುವುದಿಲ್ಲ. ‘ಟ್ರ್ಯಾಕರ್ಸ್’ ಟ್ಯಾಬ್‌ನಲ್ಲಿ ಟ್ರ್ಯಾಕರ್ ಅಥವಾ ಡಿಎಚ್‌ಟಿ (ಟ್ರ್ಯಾಕರ್ ಇಲ್ಲದೆಯೇ ಕ್ಲೈಂಟ್‌ಗಳು ಪರಸ್ಪರ ಹುಡುಕಿಕೊಳ್ಳುವ ಜಾಲ) ‘ವರ್ಕಿಂಗ್’ ಎಂದಿದ್ದರೆ ಹೊರಗಿನವರಿಗೆ ನಿಮ್ಮ ಸುಳಿವು ಸಿಗುತ್ತದೆ. ಕಂಪ್ಯೂಟರ್ ಆನ್ ಇರುವಷ್ಟು ಹೊತ್ತು ಕ್ಲೈಂಟನ್ನು ತೆರೆದೇ ಬಿಟ್ಟಿರಿ.

ಕೇಳುವವರಿದ್ದೂ ಏನೂ ಹೋಗದಿದ್ದರೆ ಪೋರ್ಟ್ ಕಡೆ ನೋಡಿ. ಮೊಬೈಲ್ ಡೇಟಾ ಮತ್ತು ಕೆಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವು ಗ್ರಾಹಕರಿಗೆ ಒಂದೇ ಹೊರವಿಳಾಸ ಇರುವುದರಿಂದ ಹೊರಗಿನವರು ನಿಮ್ಮನ್ನು ನೇರವಾಗಿ ತಲುಪಲಾರರು. ಆಗ ನಿಮ್ಮ ಕ್ಲೈಂಟೇ ಅವರನ್ನು ಹುಡುಕಿ ಹೋಗಬೇಕು. ರೂಟರ್‌ನಲ್ಲಿ ಪೋರ್ಟ್ ತೆರೆಯಲು ಬಂದರೆ ತೆರೆಯಿರಿ, ಐಪಿವಿ6 ಇದ್ದರೆ ಅದನ್ನು ಚಾಲೂ ಇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ‘ಸ್ಕಿಪ್ ಹ್ಯಾಶ್ ಚೆಕ್’ ಟಿಕ್ ಹಾಕಿ ಸಮಯ ಉಳಿಸುವುದು. ಫೈಲ್ ಕೆಟ್ಟಿದ್ದರೂ ಕ್ಲೈಂಟ್ 100% ಎನ್ನುತ್ತದೆ. ಕೆಟ್ಟ ತುಣುಕು ಪಡೆದವರ ಕ್ಲೈಂಟ್ ಅದನ್ನು ತಿರಸ್ಕರಿಸುತ್ತದೆ. ಅವರ ಡೇಟಾ ವ್ಯರ್ಥ, ನಿಮ್ಮದೂ ವ್ಯರ್ಥ.

2. ಜಿಪ್ ಬಿಡಿಸಿ ಮೂಲವನ್ನು ಅಳಿಸುವುದು. ಟೊರೆಂಟ್‌ನಲ್ಲಿ ಇದ್ದದ್ದು ಜಿಪ್ ಫೈಲ್ ಆದರೆ ಸೀಡ್ ಮಾಡಲು ಅದೇ ಬೇಕು. ಬಿಡಿಸಿದ್ದನ್ನು ಮತ್ತೆ ಜಿಪ್ ಮಾಡಿದರೆ ಬೈಟ್‌ಗಳು ಹೊಂದುವ ನಂಬಿಕೆಯಿಲ್ಲ.

3. ಎಫ್‌ಎಟಿ32 ಪೆನ್‌ಡ್ರೈವ್‌ಗೆ ಸಾಗಿಸಲು ಹೋಗುವುದು. 4 ಜಿಬಿ ಮುಟ್ಟಿದ ಫೈಲ್ ಅದರಲ್ಲಿ ಹಿಡಿಸುವುದಿಲ್ಲ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಬಳಸಿ.

4. ರೇಶಿಯೋ ಮಿತಿಯನ್ನು ಮರೆಯುವುದು. ಇಷ್ಟು ಅಪ್‌ಲೋಡ್ ಆದ ಮೇಲೆ ಟೊರೆಂಟನ್ನು ‘ರಿಮೂವ್’ ಮಾಡು ಎಂದು ಸೆಟ್ಟಿಂಗ್ಸ್‌ನಲ್ಲಿ ಇದ್ದರೆ, ಮತ್ತೆ ಸೇರಿಸಿದ್ದೂ ಒಂದು ದಿನ ತಾನಾಗಿ ಹೋಗುತ್ತದೆ. ಅದನ್ನು ‘ಸ್ಟಾಪ್’ ಎಂದು ಬದಲಿಸಿ.

5. ಎಲ್ಲವನ್ನೂ ಹಂಚಬಹುದು ಎಂದುಕೊಳ್ಳುವುದು. ಸೀಡ್ ಮಾಡುವುದೆಂದರೆ ವಿತರಿಸುವುದು. 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಹಕ್ಕುದಾರರ ಅನುಮತಿಯಿಲ್ಲದೆ ಹಂಚುವುದು ಅಪರಾಧವಾಗಬಹುದು. ನಮ್ಮ ದೇಶದಲ್ಲಿ ಪುಸ್ತಕಗಳ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮುಕ್ತ ತಂತ್ರಾಂಶ, ಮುಕ್ತ ಪರವಾನಗಿಯ ಕೃತಿ, ಹಕ್ಕಿನ ಅವಧಿ ಮುಗಿದ ಕೃತಿಗಳನ್ನು ಧೈರ್ಯವಾಗಿ ಹಂಚಿ.

ಮುಂದೆ ಹೀಗಾಗದಿರಲು

1. ಸೆಟ್ಟಿಂಗ್ಸ್‌ನ ‘ಡೌನ್‌ಲೋಡ್ಸ್’ ವಿಭಾಗದಲ್ಲಿ ಟೊರೆಂಟ್ ಫೈಲ್‌ಗಳ ಪ್ರತಿಯನ್ನು ಒಂದು ಫೋಲ್ಡರಿಗೆ ಹಾಕುವ ಆಯ್ಕೆ ಇದೆ. ಈಗಲೇ ಚಾಲೂ ಮಾಡಿ, ಆ ಫೋಲ್ಡರನ್ನು ಸಿ ಡ್ರೈವ್‌ನ ಹೊರಗಿಡಿ.

2. ಬೇಡವೆನಿಸಿದಾಗ ‘ರಿಮೂವ್’ ಬದಲು ‘ಸ್ಟಾಪ್’ ಒತ್ತಿ. ನಿಲ್ಲಿಸಿದ ಟೊರೆಂಟ್ ನೆಟ್ ಬಳಸುವುದಿಲ್ಲ, ಮತ್ತೆ ಬೇಕೆಂದಾಗ ಒಂದೇ ಕ್ಲಿಕ್.

3. ಫೈಲ್ ಸಾಗಿಸಬೇಕಿದ್ದರೆ ಕ್ಲೈಂಟ್‌ನ ‘ಸೆಟ್ ಲೊಕೇಶನ್’ ಬಳಸಿ. ಹೆಸರು ಬದಲಿಸಬೇಕಿದ್ದರೂ ಕ್ಲೈಂಟ್ ಒಳಗಿಂದಲೇ ಬದಲಿಸಿ.

4. ವಿಂಡೋಸ್ ಹೊಸದಾಗಿ ಹಾಕಿಸುವ ಮೊದಲು ಕ್ಲೈಂಟನ್ನು ಪೂರ್ತಿ ಮುಚ್ಚಿ, ‘ಬಿಟಿ_ಬ್ಯಾಕಪ್’ ಫೋಲ್ಡರನ್ನು ನಕಲು ಮಾಡಿಟ್ಟುಕೊಳ್ಳಿ. ಡ್ರೈವ್ ಅಕ್ಷರಗಳು ಬದಲಾಗದಿದ್ದರೆ, ಮರಳಿ ಹಾಕಿದಾಗ ಇಡೀ ಪಟ್ಟಿ ಜೀವ ತಳೆಯುತ್ತದೆ.

ಉಬುಂಟುವಿನ ಹೊಸ ಬಿಡುಗಡೆಗೆ ಸೀಡರ್‌ಗಳ ಕೊರತೆ ಬರುವುದಿಲ್ಲ. ಕೊರತೆ ಬರುವುದು ಕೆಲವೇ ಜನ ಇಳಿಸಿಕೊಂಡ ಹಳೆಯ ಪುಸ್ತಕ, ಅಪರೂಪದ ಧ್ವನಿಮುದ್ರಣ, ಚಿಕ್ಕ ಭಾಷೆಗಳ ದತ್ತಾಂಶದಂಥವಕ್ಕೆ. ಅಂಥ ಟೊರೆಂಟ್‌ನ ಪೂರ್ತಿ ಪ್ರತಿ ಒಬ್ಬರ ಬಳಿ ಉಳಿದರೂ ಅದು ಎಲ್ಲರಿಗೂ ಸಿಗುತ್ತದೆ. ಆ ಒಬ್ಬರು ಪಟ್ಟಿಯಿಂದ ತೆಗೆದರೆ ಯಾರಿಗೂ ಸಿಗುವುದಿಲ್ಲ. ನಿಮ್ಮ ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅಂಥದ್ದೇನಾದರೂ ಇದ್ದರೆ ಮೊದಲು ಅದರ ಟೊರೆಂಟ್ ಹುಡುಕಿ, ಸರಿಯಾದ ಫೋಲ್ಡರ್ ತೋರಿಸಿ, ರೀಚೆಕ್ ಕೊಡಿ.